ಊರು ಸೇರಿದ ಮೇಲಿನ ಒಡಿಸ್ಸಿ



ಹೋಮರನ 'ಒಡಿಸ್ಸಿ' ಎಂದ ತಕ್ಷಣ ನಿಮ್ಮ ಕಣ್ಣ ಮುಂದೆ ಬರುವುದೇನು? ಒಂಟಿಕಣ್ಣಿನ ದೈತ್ಯ, ಹಾಡಿ ಹಾಡಿ ಸಾವಿಗೆ ಕರೆಯುವ ಸೈರನ್‌ಗಳು, ಗಂಡಸರನ್ನು ಹಂದಿಗಳನ್ನಾಗಿ ಮಾಡುವ ಸರ್ಸಿ ಎಂಬ ಮಾಟಗಾತಿ. ಶಾಲೆಯ ಇಂಗ್ಲಿಷ್ ಪುಸ್ತಕದಲ್ಲಿ, ಮಕ್ಕಳ ಚಿತ್ರಕಥೆಯಲ್ಲಿ, ಸಿನಿಮಾದಲ್ಲಿ ಎಲ್ಲೆಲ್ಲೂ ಇವೇ. (ನಮ್ಮ ಒಡಿಸ್ಸಿ ನೃತ್ಯಕ್ಕೂ ಇದಕ್ಕೂ ಹೆಸರಿನ ಹೋಲಿಕೆ ಬಿಟ್ಟರೆ ಬೇರೆ ನಂಟಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.) ಆದರೆ ಕಾವ್ಯವನ್ನೇ ಕೈಗೆತ್ತಿಕೊಂಡು ಲೆಕ್ಕ ಹಾಕಿ ನೋಡಿ. ಅದರಲ್ಲಿ ಸುಮಾರು 12,100 ಸಾಲುಗಳು, 24 ಭಾಗಗಳು. ನಮ್ಮ ಕಾವ್ಯಗಳ ಮಾತಿನಲ್ಲಿ ಸಂಧಿಗಳು ಎನ್ನೋಣ. ಗ್ರೀಕ್ ವರ್ಣಮಾಲೆಯ 24 ಅಕ್ಷರಗಳಿಗೆ ಹೊಂದುವಂತೆ ಹೀಗೆ ಹಂಚಿದ್ದು. ಈ 24ರಲ್ಲಿ ದೈತ್ಯ, ಮಾಟಗಾತಿ, ಸೈರನ್‌ಗಳಿಗೆಲ್ಲ ಸಿಕ್ಕಿರುವುದು ನಾಲ್ಕೇ ಸಂಧಿ, 9ರಿಂದ 12. ಅದೂ ಕಥಾನಾಯಕ ಒಡಿಸ್ಸಿಯಸ್ ಬೇರೆಯವರ ಮನೆಯ ಊಟದ ಪಂಕ್ತಿಯಲ್ಲಿ ಕೂತು ತಾನೇ ಹೇಳಿಕೊಳ್ಳುವ ಕಥೆ.

13ನೇ ಸಂಧಿಯಲ್ಲಿ ಅವನು ತನ್ನ ಊರು ಇಥಾಕಾ ದ್ವೀಪವನ್ನು ಮುಟ್ಟಿಬಿಡುತ್ತಾನೆ. ಕಥೆ ಇನ್ನೂ ಅರ್ಧ ಬಾಕಿ! ಹತ್ತು ವರ್ಷದ ಯುದ್ಧ, ಹತ್ತು ವರ್ಷದ ಅಲೆದಾಟ ಮುಗಿದ ಮೇಲೆ, ಸಮುದ್ರ ದಾಟಿದ ಮೇಲೆ, ಸ್ವಂತ ಊರಿನ ಮಣ್ಣಿನಲ್ಲಿ ಹನ್ನೆರಡು ಸಂಧಿಗಳಷ್ಟು ತೊಂದರೆ ಏನಿರಬಹುದು? ಊರು ಬಿಟ್ಟು ದೂರದಲ್ಲಿರುವ ನಿಮಗೆ, ನನಗೆ ಈ ಪ್ರಶ್ನೆ ಸ್ವಲ್ಪ ಹೆಚ್ಚೇ ತಾಗುತ್ತದೆ ಎನ್ನಿ. ನಾನು ಇವತ್ತು ಹೇಳಲು ಹೊರಟಿರುವುದು ಆ ಎರಡನೆಯ ಅರ್ಧದ ಕಥೆಯನ್ನು, ಅದರ ಹಿಂದಿರುವ ಚರಿತ್ರೆಯನ್ನು.

ಗ್ರೀಕ್ ಭಾಷೆಯಲ್ಲಿ ಹೀಗೆ ಮನೆಗೆ ಮರಳುವುದಕ್ಕೆ 'ನೊಸ್ತೋಸ್' ಎಂಬ ಮಾತಿದೆ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ, ಊರಿನ ನೆನಪಿನಿಂದ ಹಾಸಿಗೆ ಹಿಡಿಯುವವರ ಬಗ್ಗೆ ಪ್ರಬಂಧ ಬರೆದ. ಆ ಕಾಯಿಲೆಗೆ ಒಂದು ಹೆಸರು ಬೇಕಾಗಿತ್ತು. 'ನೊಸ್ತೋಸ್' ಜೊತೆಗೆ ನೋವು ಎಂಬ ಅರ್ಥದ 'ಆಲ್ಗೋಸ್' ಸೇರಿಸಿ 'ನಾಸ್ಟಾಲ್ಜಿಯ' ಎಂದು ಕರೆದ. ಈಗ ನಾವು ಹಳೆಯ ಹಾಡು ಕೇಳಿದಾಗಲೆಲ್ಲ ಬಳಸುವ ಈ ಪದ ಹುಟ್ಟಿದ್ದು ರೋಗದ ಹೆಸರಾಗಿ. ಗ್ರೀಕರ ಬಳಿ ಇಂಥ ಮರಳುವಿಕೆಗಳದ್ದೇ ಒಂದು ಇಡೀ ಕಾವ್ಯವಿತ್ತು. 'ನೊಸ್ತೊಯ್', ಅಂದರೆ ಮರಳುವಿಕೆಗಳು. ಐದು ಭಾಗಗಳ ಆ ಕಾವ್ಯ ಕಳೆದುಹೋಗಿದೆ, ಸಾರಾಂಶ ಮಾತ್ರ ಉಳಿದಿದೆ. ಟ್ರಾಯ್ ಗೆದ್ದವರಲ್ಲಿ ನೆಸ್ಟರ್ ಸಲೀಸಾಗಿ ಮನೆ ಸೇರಿದ. ಮೆನೆಲಾಸ್ ಎಂಟು ವರ್ಷ ಈಜಿಪ್ಟಿನವರೆಗೂ ಅಲೆದ. ಕಿರಿಯ ಏಜಾಕ್ಸ್ ಸಮುದ್ರದ ಪಾಲಾದ. ಸೇನಾಪತಿ ಅಗಮೆಮ್ನನ್ ಮನೆ ತಲುಪಿದ, ಆದರೆ ಹೆಂಡತಿ ಕ್ಲೈಟೆಮ್ನೆಸ್ಟ್ರಾ ಮತ್ತು ಅವಳ ಪ್ರಿಯಕರ ಏಜಿಸ್ತಸ್ ಸೇರಿ ಊಟದ ಹೊತ್ತಿನಲ್ಲೇ ಅವನನ್ನು ಮುಗಿಸಿದರು. ಒಡಿಸ್ಸಿಯಸ್ ಪಾತಾಳದಲ್ಲಿ ಅವನ ಪ್ರೇತವನ್ನು ಭೇಟಿಯಾದಾಗ ಸಿಕ್ಕ ಬುದ್ಧಿಮಾತು ಏನೆಂದರೆ, ಊರಿಗೆ ಹೋಗುವಾಗ ಯಾರಿಗೂ ಗೊತ್ತಾಗದ ಹಾಗೆ ಹೋಗು.

ಹಾಗಾಗಿ ಮಹಾವೀರನ ಊರ ಪ್ರವೇಶ ಹೇಗಿದೆ ನೋಡಿ. ಫಿಯೇಶಿಯನ್ನರೆಂಬ ನಾವಿಕರು ಅವನನ್ನು ನಿದ್ದೆಯಲ್ಲೇ ಹೊತ್ತು ತಂದು ಮರಳಿನ ಮೇಲೆ ಮಲಗಿಸಿ, ಕೊಟ್ಟ ಉಡುಗೊರೆಗಳನ್ನೆಲ್ಲ ಒಂದು ಆಲಿವ್ ಮರದ ಬುಡದಲ್ಲಿಟ್ಟು ಹೊರಟುಹೋಗುತ್ತಾರೆ. ಎದ್ದಾಗ ಸುತ್ತಲೂ ಮಂಜು. ಅಥೀನಾ ದೇವಿ ಹರಡಿದ ಮಂಜು ಅದು. ಇಪ್ಪತ್ತು ವರ್ಷ ಯಾವ ನೆಲಕ್ಕಾಗಿ ಹಂಬಲಿಸಿದನೋ ಅದರ ಮೇಲೇ ನಿಂತು ಅವನು, ಅಯ್ಯೋ, ಇದು ಯಾರ ದೇಶವಪ್ಪಾ ಎಂದು ತೊಡೆ ಬಡಿದುಕೊಂಡು ಅಳುತ್ತಾನೆ. ಆಮೇಲೆ ಅವನು ಮಾಡುವ ಮೊದಲ ಕೆಲಸ? ಸಾಮಾನು ಎಣಿಸುವುದು! ಮೂರು ಕಾಲಿನ ಹಂಡೆಗಳು, ಚಿನ್ನ, ಬಟ್ಟೆ, ಎಲ್ಲ ಸರಿಯಾಗಿದೆಯೇ, ನಾವಿಕರು ಏನಾದರೂ ಎಗರಿಸಿದರೇ ಎಂದು. ರೈಲ್ವೆ ಸ್ಟೇಷನ್ನಿನಲ್ಲಿ ಇಳಿದು ಸೂಟ್‌ಕೇಸ್ ಎಣಿಸುವ ನಮ್ಮಂಥವರಿಗೆ ಇದು ಅರ್ಥವಾಗುತ್ತದೆ. ಎರಡನೆಯ ಕೆಲಸ, ಸುಳ್ಳು ಹೇಳುವುದು. ಕುರುಬ ಹುಡುಗನ ವೇಷದಲ್ಲಿ ಎದುರಾದ ಅಥೀನಾಗೇ ತಾನು ಕ್ರೀಟ್ ದ್ವೀಪದವನು, ಕೊಲೆ ಮಾಡಿ ಓಡಿಬಂದವನು ಎಂದು ಕಥೆ ಕಟ್ಟುತ್ತಾನೆ. ದೇವಿ ನಕ್ಕುಬಿಡುತ್ತಾಳೆ. ಮುಂದೆ ಅವನು ಹಂದಿ ಕಾಯುವ ಆಳಿಗೆ, ಮನೆಯಲ್ಲಿ ಠಿಕಾಣಿ ಹೂಡಿದವರಿಗೆ, ಹೆಂಡತಿಗೆ, ಕೊನೆಗೆ ಹೆತ್ತ ತಂದೆಗೂ ಹೀಗೇ ಬೇರೆ ಬೇರೆ ಸುಳ್ಳು ಹೇಳುತ್ತಾನೆ. ಕನಿಷ್ಠ ಐದು ಸಲ, ಅದೂ ಸ್ವಂತ ಊರಿನಲ್ಲಿ. ಸಮುದ್ರದಲ್ಲಿ ದೈತ್ಯನ ಗುಹೆಯಿಂದ ಪಾರಾದ ಮೇಲೆ ತನ್ನ ನಿಜ ಹೆಸರನ್ನು ಕೂಗಿ ಹೇಳಿ ಮೆರೆದವನು, ಮನೆಯ ಬಾಗಿಲಲ್ಲಿ ಹೆಸರು ಮುಚ್ಚಿಟ್ಟುಕೊಳ್ಳಬೇಕಾಗಿ ಬಂತು.

ಮನೆಯಲ್ಲಿ ನಡೆಯುತ್ತಿರುವುದೇನು? ಹೆಂಡತಿ ಪೆನೆಲೊಪಿಯನ್ನು ಮದುವೆಯಾಗುತ್ತೇವೆಂದು 108 ಮಂದಿ ಗಂಡುಗಳು ಬಂದು ಕೂತಿದ್ದಾರೆ. ಇದು ಸುಮ್ಮನೆ ಹೇಳಿದ ಸಂಖ್ಯೆಯಲ್ಲ. ಮಗ ಟೆಲಿಮಾಕಸ್ ಊರೂರಿನ ಲೆಕ್ಕವನ್ನೇ ಕೊಡುತ್ತಾನೆ. ದುಲಿಕಿಯಂನಿಂದ 52, ಸಾಮೆಯಿಂದ 24, ಜಕಿಂತೋಸ್‌ನಿಂದ 20, ಇಥಾಕಾದಿಂದಲೇ 12. ಇವರೆಲ್ಲ ದಿನವೂ ಅದೇ ಮನೆಯ ದನ, ಕುರಿ, ಹಂದಿ ಕಡಿದು ತಿಂದು, ಅದೇ ಮನೆಯ ದ್ರಾಕ್ಷಾರಸ ಕುಡಿಯುತ್ತಾರೆ. ಹಂದಿದೊಡ್ಡಿಯಲ್ಲಿ ಹೆಣ್ಣು ಹಂದಿಗಳು 600 ಇದ್ದರೆ ಗಂಡು ಉಳಿದಿರುವುದು 360, ಕೊಬ್ಬಿದ್ದನ್ನೆಲ್ಲ ಇವರು ತಿಂದು ಮುಗಿಸಿದ್ದಾರೆ ಎಂಬ ಲೆಕ್ಕವನ್ನೂ ಕವಿ ಕೊಡುತ್ತಾನೆ. ಪೆನೆಲೊಪಿ, ಮಾವ ಲೇರ್ಟಿಸ್ ಸತ್ತರೆ ಹೊದಿಸಲು ಬಟ್ಟೆ ನೇಯುತ್ತಿದ್ದೇನೆ, ಮುಗಿಯಲಿ ತಡೆಯಿರಿ ಎಂದು ಹಗಲು ನೇಯ್ದು ರಾತ್ರಿ ಬಿಚ್ಚಿ ಮೂರು ವರ್ಷ ತಳ್ಳಿದಳು. ನಾಲ್ಕನೆಯ ವರ್ಷ ಮನೆಯ ದಾಸಿಯರೇ ಗುಟ್ಟು ಬಿಟ್ಟುಕೊಟ್ಟರು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಊರಿನ ಒಬ್ಬ ಹೆಂಗಸಿನ ಮನೆಗೆ ನೂರೆಂಟು ಜನ ನುಗ್ಗಿ ಕೂತಿದ್ದರೂ ಕೇಳುವವರು ಯಾರೂ ಇರಲಿಲ್ಲವೇ? ಇರಲಿಲ್ಲ. ಕಾವ್ಯದ ಎರಡನೆಯ ಸಂಧಿಯಲ್ಲಿ ಟೆಲಿಮಾಕಸ್ ಊರ ಸಭೆ ಕರೆಯುತ್ತಾನೆ. ಮೊದಲು ಎದ್ದು ಮಾತಾಡುವವನು ಈಜಿಪ್ಟಿಯಸ್ ಎಂಬ ಬೆನ್ನು ಬಾಗಿದ ಮುದುಕ. ಒಡಿಸ್ಸಿಯಸ್ ಹಡಗು ಹತ್ತಿ ಹೋದ ಮೇಲೆ ಈ ಊರಲ್ಲಿ ಸಭೆಯೇ ಸೇರಿಲ್ಲವಲ್ಲ ಎನ್ನುತ್ತಾನೆ. ಇಪ್ಪತ್ತು ವರ್ಷ ಸಭೆ ಸೇರದ ಊರು! ಪೊಲೀಸು, ಕೋರ್ಟು ಇಲ್ಲದ ಕಾಲ. ಒಂದು ಮನೆಯ ಆಸ್ತಿ, ಮಾನ ಉಳಿಯಬೇಕಾದರೆ ಆ ಮನೆಯ ಗಂಡಸಿನ ತೋಳೇ ಗತಿ. ಅವನು ಬದುಕಿದ್ದಾನೋ ಸತ್ತಿದ್ದಾನೋ ತಿಳಿಯದಿದ್ದರೆ ಹೆಂಡತಿ ಸುಮಂಗಲಿಯೂ ಅಲ್ಲ, ವಿಧವೆಯೂ ಅಲ್ಲ. ಮಗ ಯಜಮಾನನೂ ಅಲ್ಲ, ಅನಾಥನೂ ಅಲ್ಲ.

ಆ ಮುದುಕ ಈಜಿಪ್ಟಿಯಸ್‌ನನ್ನು ನೆನಪಿಟ್ಟುಕೊಳ್ಳಿ. ಅವನಿಗೆ ನಾಲ್ವರು ಗಂಡುಮಕ್ಕಳು. ಒಬ್ಬ ಒಡಿಸ್ಸಿಯಸ್‌ನ ಜೊತೆ ಟ್ರಾಯ್‌ಗೆ ಹೋದವನು. ಆ ಒಂಟಿಕಣ್ಣಿನ ದೈತ್ಯ ತಿಂದುಬಿಟ್ಟವರಲ್ಲಿ ಅವನೂ ಒಬ್ಬ. ಅಪ್ಪನಿಗೆ ಇದು ಗೊತ್ತಿಲ್ಲ, ಮಗನಿಗಾಗಿ ಇನ್ನೂ ಅಳುತ್ತಿದ್ದಾನೆ. ಇಬ್ಬರು ಮನೆಯ ಹೊಲ ನೋಡಿಕೊಳ್ಳುತ್ತಾರೆ. ಇನ್ನೊಬ್ಬ, ಯೂರಿನೋಮಸ್, ಪೆನೆಲೊಪಿಯ ಮನೆಯಲ್ಲಿ ಕೂತ ಗಂಡುಗಳಲ್ಲಿ ಒಬ್ಬ.

ಭಿಕ್ಷುಕನ ವೇಷದಲ್ಲಿ ಒಡಿಸ್ಸಿಯಸ್ ತನ್ನ ಮನೆಗೆ ಬರುತ್ತಾನೆ. ಮೊದಲು ಗುರುತಿಸುವುದು ಆರ್ಗಸ್ ಎಂಬ ನಾಯಿ. ತಾನು ಹೊರಡುವ ಮೊದಲು ಸಾಕಿದ ಮರಿ, ಈಗ ಬಾಗಿಲ ಮುಂದಿನ ತಿಪ್ಪೆಯ ಮೇಲೆ ಉಣ್ಣೆ ಮುತ್ತಿಕೊಂಡು ಬಿದ್ದಿದೆ. ಬಾಲ ಆಡಿಸಿತು, ಕಿವಿ ಇಳಿಬಿಟ್ಟಿತು, ಎದ್ದು ಹತ್ತಿರ ಬರಲಾಗಲಿಲ್ಲ. ಪಕ್ಕದಲ್ಲಿದ್ದ ಆಳಿಗೆ ಕಾಣದ ಹಾಗೆ ಒಡಿಸ್ಸಿಯಸ್ ಕಣ್ಣೊರೆಸಿಕೊಂಡ. ನಾಯಿ ಅಲ್ಲೇ ಸತ್ತಿತು. ಈ ಭಾಗ ಓದಿ ಅಳದವರನ್ನು ನಾನು ಕಂಡಿಲ್ಲ. ಎರಡನೆಯವಳು ಮುದುಕಿ ದಾದಿ ಯೂರಿಕ್ಲಿಯ. ಕಾಲು ತೊಳೆಯುವಾಗ ತೊಡೆಯ ಮೇಲಿನ ಹಳೆಯ ಗಾಯದ ಕಲೆ ಕೈಗೆ ಸಿಕ್ಕಿ ಗುರುತು ಹಿಡಿದಳು. ಹುಡುಗನಾಗಿದ್ದಾಗ ಕಾಡುಹಂದಿ ತಿವಿದ ಗಾಯ ಅದು. ಸಂತೋಷದಿಂದ ಪಾತ್ರೆ ಉರುಳಿಸಿದ ಆ ಮುದುಕಿಯ, ತನಗೆ ಹಾಲುಣಿಸಿದವಳ, ಗಂಟಲು ಹಿಡಿದು, ಬಾಯಿ ಬಿಟ್ಟರೆ ಕೊಂದೇಬಿಡುತ್ತೇನೆ ಎನ್ನುತ್ತಾನೆ ಅವನು. ಯುದ್ಧ ಮನೆಯೊಳಗೆ ಬಂದಾಗಿದೆ. ಬಾಸ್ಟನ್‌ನ ಮನೋವೈದ್ಯ ಜೊನಾಥನ್ ಶೇ ಎಂಬವರು ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದವರು. 2002ರಲ್ಲಿ ಅವರು ಬರೆದ ಪುಸ್ತಕದ ಹೆಸರು 'ಒಡಿಸ್ಸಿಯಸ್ ಇನ್ ಅಮೆರಿಕ'. ನಿದ್ದೆ ಬಾರದ, ಯಾರನ್ನೂ ನಂಬದ, ಮನೆಯಲ್ಲೂ ಬಾಗಿಲಿಗೆ ಬೆನ್ನು ಕೊಟ್ಟು ಕೂರಲಾರದ ಆ ಸೈನಿಕರನ್ನು ಅರ್ಥ ಮಾಡಿಕೊಳ್ಳಲು ಅವರಿಗೆ ಈ ಹಳೆಯ ಕಾವ್ಯ ನೆರವಾಯಿತು.

ಮುಂದಿನದು ನಿಮಗೆ ಗೊತ್ತಿರಬಹುದು. ಪೆನೆಲೊಪಿ ಒಂದು ಪಣ ಇಡುತ್ತಾಳೆ. ಗಂಡನ ಬಿಲ್ಲಿಗೆ ಹೆದೆ ಏರಿಸಿ, ಸಾಲಾಗಿ ನಿಲ್ಲಿಸಿದ ಹನ್ನೆರಡು ಕೊಡಲಿಗಳ ನಡುವೆ ಬಾಣ ಬಿಡಬೇಕು. ಯಾರಿಂದಲೂ ಆಗದು, ಭಿಕ್ಷುಕನಿಂದ ಆಗುತ್ತದೆ. ಸ್ವಯಂವರದ ಬಿಲ್ಲುಗಳನ್ನು ಬಲ್ಲ ನಮಗೆ ಇದೇನೂ ಹೊಸತಲ್ಲ. ಹೊಸತು, ಬಾಣದ ಮುಂದಿನ ಗುರಿ. ಗುಂಪಿನ ಮುಖಂಡ ಆಂಟಿನೋಸ್ ಬಟ್ಟಲು ಎತ್ತಿ ಇನ್ನೇನು ಕುಡಿಯಬೇಕು, ಬಾಣ ಗಂಟಲಿಗೆ ನಾಟುತ್ತದೆ. ಯೂರಿಮಾಕಸ್ ಎಂಬವನು ರಾಜಿಗೆ ಬರುತ್ತಾನೆ. ತಿಂದದ್ದನ್ನೆಲ್ಲ ಕಟ್ಟಿಕೊಡುತ್ತೇವೆ, ತಲಾ ಇಪ್ಪತ್ತು ಎತ್ತಿನ ಬೆಲೆಯ ದಂಡ, ಮೇಲೆ ಕಂಚು, ಚಿನ್ನ. ಆ ಕಾಲದ ನ್ಯಾಯದಲ್ಲಿ ಇದು ಸಣ್ಣ ಮಾತಲ್ಲ, ದಂಡ ಕಟ್ಟಿ ಜಗಳ ಮುಗಿಸುವ ಪದ್ಧತಿ ಇತ್ತು. ಒಡಿಸ್ಸಿಯಸ್ ಒಪ್ಪುವುದಿಲ್ಲ. 108 ಮಂದಿಯೂ ಸಾಯುತ್ತಾರೆ. ಕಾಲು ಹಿಡಿದು ಬೇಡಿಕೊಂಡ ಪುರೋಹಿತನೂ ಸಾಯುತ್ತಾನೆ. ಹಾಡುಗಾರ ಫೀಮಿಯಸ್ ಉಳಿದುಕೊಳ್ಳುತ್ತಾನೆ. ಹಾಡಿನವನನ್ನು ಕೊಲ್ಲಬಾರದು ಎಂದು ಹಾಡಿನವನೇ ಕಟ್ಟಿದ ಕಾವ್ಯದಲ್ಲಿ ಇರದೆ ಇನ್ನೇನು!

ಆಮೇಲೆ ನಡೆಯುವುದನ್ನು ಚಿತ್ರಕಥೆಗಳು ಬಿಟ್ಟುಬಿಡುತ್ತವೆ. ಮನೆಯ ಐವತ್ತು ದಾಸಿಯರಲ್ಲಿ ಹನ್ನೆರಡು ಮಂದಿ ಆ ಗಂಡುಗಳ ಜೊತೆ ಮಲಗಿದವರು ಎಂದು ದಾದಿ ಬೊಟ್ಟು ಮಾಡುತ್ತಾಳೆ. ಅವರಿಂದಲೇ ಹೆಣ ಹೊರಿಸಿ, ಮೇಜು, ಪೀಠಗಳ ಮೇಲಿನ ರಕ್ತ ತೊಳೆಸಿ, ಅಂಗಳಕ್ಕೆ ಕರೆದೊಯ್ದು, ಟೆಲಿಮಾಕಸ್ ಒಂದೇ ಹಗ್ಗಕ್ಕೆ ಸಾಲಾಗಿ ನೇಣು ಹಾಕುತ್ತಾನೆ. ಬಲೆಗೆ ಬಿದ್ದ ಹಕ್ಕಿಗಳ ಹಾಗೆ, ಸ್ವಲ್ಪ ಹೊತ್ತು ಕಾಲು ಒದರಿ ಸುಮ್ಮನಾದರು ಎನ್ನುತ್ತದೆ ಕಾವ್ಯ. ದಾಸಿಯೆಂದರೆ ಕೊಂಡು ತಂದ ಇಲ್ಲವೇ ಸೆರೆ ಹಿಡಿದ ಹೆಣ್ಣು. ಅತಿಥಿಗೆ 'ಇಲ್ಲ' ಎನ್ನುವ ಸ್ವಾತಂತ್ರ್ಯ ಅವಳಿಗೆಷ್ಟಿತ್ತು? 2005ರಲ್ಲಿ ಕೆನಡಾದ ಲೇಖಕಿ ಮಾರ್ಗರೆಟ್ ಆಟ್‌ವುಡ್ 'ದಿ ಪೆನೆಲೊಪಿಯಡ್' ಎಂಬ ಕಾದಂಬರಿಯಲ್ಲಿ ಈ ಹನ್ನೆರಡು ಮಂದಿಗೆ ಬಾಯಿ ಕೊಟ್ಟರು. 2017ರಲ್ಲಿ ಎಮಿಲಿ ವಿಲ್ಸನ್ ಒಡಿಸ್ಸಿಯ ಇಂಗ್ಲಿಷ್ ಅನುವಾದ ತಂದಾಗ ಇನ್ನೊಂದು ವಿಷಯ ಎತ್ತಿ ತೋರಿಸಿದರು. ನೇಣಿಗೆ ಹಾಕುವ ಮೊದಲು ಟೆಲಿಮಾಕಸ್ ಆಡುವ ಮಾತಿನಲ್ಲಿ ಗ್ರೀಕ್ ಮೂಲದಲ್ಲಿರುವುದು 'ಇವರು' ಎಂಬಷ್ಟೇ ಅರ್ಥದ ಸ್ತ್ರೀಲಿಂಗದ ಮಾತು. ಹಿಂದಿನ ಅನುವಾದಕರು ಅಲ್ಲಿ ಬೈಗುಳದ ಪದಗಳನ್ನು ತಾವೇ ಸೇರಿಸಿದ್ದರು. ಹೋಮರ್ ಹಾಕದ ಬಣ್ಣ ಅದು.

ಇಷ್ಟಾದ ಮೇಲಾದರೂ ಹೆಂಡತಿ ಓಡಿಬಂದು ಅಪ್ಪಿಕೊಂಡಳೇ? ಇಲ್ಲ. ಪೆನೆಲೊಪಿ ಎದುರಿನ ಗೋಡೆಗೆ ಕೂತು ನೋಡುತ್ತಾಳೆ, ಮಾತೇ ಇಲ್ಲ. ಮಗ ಅಮ್ಮನ ಮೇಲೆ ರೇಗುತ್ತಾನೆ. ಅವಳು ದಾಸಿಗೆ, ಮಂಚ ಹೊರಗೆ ತಂದು ಇವರಿಗೆ ಹಾಸಿಕೊಡು ಎನ್ನುತ್ತಾಳೆ. ಒಡಿಸ್ಸಿಯಸ್ ಸಿಡಿದೇಳುತ್ತಾನೆ. ಆ ಮಂಚವನ್ನು ಯಾರು ಕದಲಿಸಿದರು? ನೆಲದಲ್ಲಿ ಬೇರು ಬಿಟ್ಟ ಆಲಿವ್ ಮರದ ಕಾಂಡವನ್ನೇ ಕಾಲು ಮಾಡಿ, ಸುತ್ತ ಕೋಣೆ ಕಟ್ಟಿ, ನಾನೇ ಮಾಡಿದ ಮಂಚವಲ್ಲವೇ ಅದು? ಆಗ ಅವಳಿಗೆ ನಂಬಿಕೆ ಬಂತು. ನಳ ದಮಯಂತಿಯರ ಕಥೆ ಬಲ್ಲವರಿಗೆ, ಕನಕದಾಸರ 'ನಳಚರಿತ್ರೆ' ಓದಿದವರಿಗೆ ಇಲ್ಲಿ ರೋಮಾಂಚನವಾದೀತು. ಅಲ್ಲೂ ವೇಷ ಮರೆಸಿದ ಗಂಡನನ್ನು ಹೆಂಡತಿಯೇ ಪರೀಕ್ಷೆ ಮಾಡಿ ಕಂಡುಹಿಡಿಯುತ್ತಾಳೆ. ಇನ್ನೊಂದು ಸೊಗಸು ಕೇಳಿ. ಒಡಿಸ್ಸಿಯಸ್ ಹೆಂಡತಿಯನ್ನು ತಬ್ಬಿ ಅಳುವಾಗ, ಹಡಗು ಒಡೆದು ಈಜಿ ಈಜಿ ದಡ ಕಂಡವರ ಸಂತೋಷದ ಉಪಮೆ ಬರುತ್ತದೆ. ಅವನ ಬಗ್ಗೆ ಎಂದುಕೊಂಡು ಓದುತ್ತಾ ಹೋದರೆ, ಕೊನೆಗೆ ಕವಿ ಅದನ್ನು ಅವಳಿಗೆ ಹೇಳಿರುತ್ತಾನೆ. ಇಪ್ಪತ್ತು ವರ್ಷ ಮನೆಯೊಳಗೇ ಕೂತಿದ್ದವಳು ಅವನಷ್ಟೇ ಸಮುದ್ರ ಈಜಿದ್ದಾಳೆ.

ಈ ರಾತ್ರಿಯ ಮಿಲನಕ್ಕೆ ಕಾವ್ಯ ಮುಗಿಯಿತು ಎಂದು ಕ್ರಿ.ಪೂ. ಮೂರು ಮತ್ತು ಎರಡನೆಯ ಶತಮಾನದ ಅಲೆಕ್ಸಾಂಡ್ರಿಯಾದ ದೊಡ್ಡ ಪಂಡಿತರಾದ ಅರಿಸ್ಟೊಫೇನಿಸ್, ಅರಿಸ್ಟಾರ್ಕಸ್ ಇಬ್ಬರೂ ಅಭಿಪ್ರಾಯಪಟ್ಟಿದ್ದರು. (ಈ ಅರಿಸ್ಟೊಫೇನಿಸ್ ನಾಟಕಕಾರನಲ್ಲ, ಬೈಜಾಂಟಿಯಂನವನು.) 23ನೇ ಸಂಧಿಯ 296ನೇ ಸಾಲು ಅದು. ಅವರ ಅಭಿರುಚಿ ನನಗೆ ಅರ್ಥವಾಗುತ್ತದೆ. ಸಿನಿಮಾ ಆಗಿದ್ದರೆ ಅಲ್ಲೇ 'ಶುಭಂ' ಬೀಳಬೇಕಿತ್ತು. ಆದರೆ ಕೈಗೆ ಬಂದಿರುವ ಕಾವ್ಯ ಅಲ್ಲಿಗೆ ನಿಲ್ಲುವುದಿಲ್ಲ, ನನ್ನ ಮಟ್ಟಿಗೆ ನಿಲ್ಲಬಾರದು ಕೂಡ. ಏಕೆಂದರೆ ಅಂಗಳದಲ್ಲಿ 108 ಹೆಣಗಳಿವೆ, ಊರಲ್ಲಿ ಅವರ ಅಪ್ಪಂದಿರಿದ್ದಾರೆ.

24ನೇ ಸಂಧಿಯಲ್ಲಿ ಮತ್ತೆ ಊರ ಸಭೆ ಸೇರುತ್ತದೆ. ಆಂಟಿನೋಸ್‌ನ ತಂದೆ ಯೂಪೈಥಿಸ್ ಕಣ್ಣೀರಿಡುತ್ತಾ ಎದ್ದು ನಿಲ್ಲುತ್ತಾನೆ. ಅವನ ವಾದ ತೀರ ಸರಳ. ಈ ಮನುಷ್ಯ ಹಡಗುಗಳನ್ನೂ ಅಷ್ಟೊಂದು ಮಂದಿಯನ್ನೂ ಕರೆದುಕೊಂಡು ಹೋದ, ಹಡಗೂ ಹೋದವು, ಮಂದಿಯೂ ಹೋದರು. ಈಗ ಬಂದು ಉಳಿದವರನ್ನೂ ಕೊಂದ. ಸುಳ್ಳೇನಿದೆ ಇದರಲ್ಲಿ? ಇಥಾಕಾದಿಂದ ಹೊರಟ ಹನ್ನೆರಡು ಹಡಗುಗಳಲ್ಲಿ ಒಂದೂ ಮರಳಲಿಲ್ಲ, ಒಡಿಸ್ಸಿಯಸ್ ಒಬ್ಬನೇ ಬಂದ. ವಿಪರ್ಯಾಸವೆಂದರೆ, ಇದೇ ಯೂಪೈಥಿಸ್ ಹಿಂದೊಮ್ಮೆ ಊರಿನವರು ಕೊಲ್ಲಲು ಅಟ್ಟಿಸಿಕೊಂಡು ಬಂದಾಗ ಒಡಿಸ್ಸಿಯಸ್‌ನ ಮನೆ ಹೊಕ್ಕು ಜೀವ ಉಳಿಸಿಕೊಂಡವನು. ಸಭೆಯ ಅರ್ಧಕ್ಕಿಂತ ಹೆಚ್ಚು ಜನ ಆಯುಧ ಹಿಡಿದು ಹೊರಡುತ್ತಾರೆ. ಎರಡನೆಯ ಸಂಧಿಯ ಈಜಿಪ್ಟಿಯಸ್‌ನ ಹೆಸರು ಇಲ್ಲಿ ಮತ್ತೆ ಬರುವುದಿಲ್ಲ. ಆದರೆ ಅವನಿಗೀಗ ಇಬ್ಬರು ಮಕ್ಕಳಿಲ್ಲ, ಇಬ್ಬರೂ ಹೋದದ್ದು ಒಬ್ಬನೇ ನಾಯಕನ ಲೆಕ್ಕಕ್ಕೆ.

ಕಾದಾಟ ಶುರುವಾಗಿ ಮುದುಕ ಲೇರ್ಟಿಸ್‌ನ ಈಟಿಗೆ ಯೂಪೈಥಿಸ್ ಬೀಳುತ್ತಾನೆ. ಅಷ್ಟರಲ್ಲಿ ಸ್ಯೂಸ್ ದೇವರ ಸಿಡಿಲು ಬಿದ್ದು, ಅಥೀನಾ ಎರಡೂ ಕಡೆಯವರಿಂದ ಪ್ರಮಾಣ ಮಾಡಿಸಿ ಯುದ್ಧ ನಿಲ್ಲಿಸುತ್ತಾಳೆ. ಸ್ಯೂಸ್ ಕೊಡುವ ಪರಿಹಾರ ವಿಚಿತ್ರವಾದದ್ದು. ಮಕ್ಕಳ, ತಮ್ಮಂದಿರ ಕೊಲೆಯನ್ನು ಜನ ಮರೆಯುವಂತೆ ಮಾಡೋಣ! ದೇವರೇ ಬಂದು ಮರೆವು ಕೊಡದಿದ್ದರೆ ಆ ಊರಿನಲ್ಲಿ ಸೇಡಿಗೆ ಕೊನೆಯಿರಲಿಲ್ಲ. ಶತಮಾನಗಳ ನಂತರ, ಕ್ರಿ.ಪೂ. 403ರಲ್ಲಿ, ಅಥೆನ್ಸ್ ನಗರದಲ್ಲಿ 'ಮೂವತ್ತು ಮಂದಿ'ಯ ಕ್ರೂರ ಆಡಳಿತ ಉರುಳಿ, ಓಡಿಹೋಗಿದ್ದ ಪ್ರಜಾಪ್ರಭುತ್ವವಾದಿಗಳು ಊರಿಗೆ ಮರಳಿದರು. ಆಗಲೂ ರಕ್ತಕ್ಕೆ ರಕ್ತ ಎನ್ನುವ ಸ್ಥಿತಿ. ಅವರು ದೇವರಿಗೆ ಕಾಯಲಿಲ್ಲ. ಹಿಂದಿನ ಕೆಡುಕನ್ನು ಎತ್ತಿ ಆಡುವುದಿಲ್ಲ ಎಂದು ತಾವೇ ಪ್ರಮಾಣ ಮಾಡಿದರು. ಆ ಮೂವತ್ತು ಮಂದಿಯೇ ಮೊದಲಾದ ಕೆಲವರನ್ನು ಮಾತ್ರ ಈ ಕ್ಷಮೆಯಿಂದ ಹೊರಗಿಟ್ಟರು.

ಇದೆಲ್ಲ ಬರೀ ಕಟ್ಟುಕಥೆಯೇ, ಚರಿತ್ರೆಯೇ ಎಂದು ನೀವು ಕೇಳಬಹುದು. ಒಡಿಸ್ಸಿಯಸ್ ಎಂಬ ವ್ಯಕ್ತಿ ಇದ್ದನೆಂಬುದಕ್ಕೆ ಪುರಾವೆಯಿಲ್ಲ. ಆದರೆ ಕ್ರಿ.ಪೂ. ಐದನೆಯ ಶತಮಾನದ ಇತಿಹಾಸಕಾರ ಥುಸಿಡಿಡೀಸ್, ಪುರಾಣವನ್ನು ಸುಲಭಕ್ಕೆ ನಂಬುವ ಜಾತಿಯವನಲ್ಲ, ಟ್ರಾಯ್‌ನಿಂದ ಗ್ರೀಕರು ತಡವಾಗಿ ಮರಳಿದ್ದೇ ಊರೂರುಗಳಲ್ಲಿ ಒಳಜಗಳಕ್ಕೆ, ಸ್ಥಾನಪಲ್ಲಟಕ್ಕೆ ಕಾರಣವಾಯಿತು, ಹೊರದೂಡಲ್ಪಟ್ಟವರು ಬೇರೆ ನಗರ ಕಟ್ಟಿಕೊಂಡರು ಎಂದು ಬರೆಯುತ್ತಾನೆ. ಅವನ ಕಣ್ಣಿಗೆ ಮರಳುವುದು ಒಬ್ಬ ವೀರನ ಸ್ವಂತ ಸಮಸ್ಯೆಯಲ್ಲ, ಊರಿನ ರಾಜಕೀಯ ಬಿಕ್ಕಟ್ಟು. ನೆಲ ಅಗೆದಾಗ ಸಿಕ್ಕಿರುವುದೂ ಒಂದು ಬಿಕ್ಕಟ್ಟೇ. ಕ್ರಿ.ಪೂ. 1200ರ ಆಸುಪಾಸಿನಲ್ಲಿ ಗ್ರೀಸಿನ ಅರಮನೆಗಳು ಒಂದಾದ ಮೇಲೊಂದರಂತೆ ಸುಟ್ಟುಹೋದವು. ನೆಸ್ಟರ್‌ನ ಊರೆನ್ನುವ ಪೈಲೋಸ್‌ನಲ್ಲಿ 1939ರಲ್ಲಿ ಕಾರ್ಲ್ ಬ್ಲೆಗೆನ್ ಅಗೆದಾಗ, ಬೆಂಕಿಯಲ್ಲಿ ಬೆಂದು ಗಟ್ಟಿಯಾದ ನೂರಾರು ಮಣ್ಣಿನ ಹಲಗೆಗಳು ಸಿಕ್ಕವು. ಅವುಗಳ ಲಿಪಿಯನ್ನು ಮೈಕೇಲ್ ವೆಂಟ್ರಿಸ್ ಬಿಡಿಸಿದ್ದು 1952ರಲ್ಲಿ. ರೇಡಿಯೋದವಳಾದ ನಾನು ಹೆಮ್ಮೆಯಿಂದ ಹೇಳಬೇಕಾದ ಮಾತು, ಅದು ಗ್ರೀಕ್ ಭಾಷೆಯೇ ಎಂದು ಅವರು ಲೋಕಕ್ಕೆ ತಿಳಿಸಿದ್ದು ಬಿಬಿಸಿ ರೇಡಿಯೋದಲ್ಲಿ! ಆ ಹಲಗೆಗಳಲ್ಲಿ ಕಾವ್ಯವೇನಿಲ್ಲ, ಅರಮನೆಯ ಲೆಕ್ಕಪತ್ರ ಅಷ್ಟೇ. ಒಂದರಲ್ಲಿ ಗೈರುಹಾಜರಾದ ಹುಟ್ಟು ಹಾಕುವವರ ಪಟ್ಟಿಯಿದೆ. ಯಾವ ಕಡಲಿಗೆ ಹೋದರೋ, ಯಾಕೆ ಬರಲಿಲ್ಲವೋ, ಬರೆದಿಲ್ಲ.

ಅರಮನೆ ಸುಟ್ಟದ್ದಕ್ಕೂ ಕಾವ್ಯ ರೂಪುಗೊಂಡದ್ದಕ್ಕೂ ನಡುವೆ ನಾಲ್ಕೈದು ನೂರು ವರ್ಷಗಳ ಅಂತರ. ಅಷ್ಟು ಕಾಲ ಕಥೆ ಬಾಯಿಂದ ಬಾಯಿಗೆ ಬಂತು. ಅದು ಹೇಗೆ ಸಾಧ್ಯ ಎಂದು ನೋಡಲು ಅಮೆರಿಕದ ಮಿಲ್ಮನ್ ಪ್ಯಾರಿ 1933ರಿಂದ 1935ರವರೆಗೆ ಯುಗೊಸ್ಲಾವಿಯದ ಹಳ್ಳಿಗಳಲ್ಲಿ ಅಲ್ಯೂಮಿನಿಯಂ ಡಿಸ್ಕುಗಳ ಮೇಲೆ ಹಾಡುಗಾರರನ್ನು ಧ್ವನಿಮುದ್ರಿಸಿದರು. ಅವ್ದೋ ಮೆಜೆಡೋವಿಚ್ ಎಂಬ ಓದುಬರಹ ಬಾರದ ಹಾಡುಗಾರ ಒಂದೇ ಕಥೆಯನ್ನು 12,000ಕ್ಕೂ ಹೆಚ್ಚು ಸಾಲು ಹೇಳಿ ಬರೆಸಿದ. ನಮ್ಮ ಮಾದೇಶ್ವರ ಕಾವ್ಯ ಹಾಡುವ ದೇವರಗುಡ್ಡರನ್ನು ಕೇಳಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇರದು. ಅಲ್ಲಿನ ಹಾಡುಗಳಲ್ಲಿ ಒಂದು ಇಡೀ ಗುಂಪೇ ಇಂಥದ್ದು. ಸೆರೆಮನೆಯಿಂದ ಎಷ್ಟೋ ವರ್ಷಕ್ಕೆ ಬಿಡುಗಡೆಯಾದ ವೀರ ವೇಷ ಮರೆಸಿಕೊಂಡು ಬಂದರೆ, ಹೆಂಡತಿಗೆ ಬೇರೆ ಮದುವೆಯ ಸಿದ್ಧತೆ ನಡೆದಿರುತ್ತದೆ.

ಮರಳುವ ಕಥೆಯ ಈ ಹುಚ್ಚು ಗ್ರೀಕರನ್ನು ನಮ್ಮ ತೀರದವರೆಗೂ ತಂದಿದೆ. ಕನ್ನಡ ಬಿ.ಎ. ಓದಿದ ಯಾರಿಗೂ ಆಕ್ಸಿರಿಂಕಸ್ ಪ್ರಹಸನದ ಹೆಸರು ಗೊತ್ತು. ಈಜಿಪ್ಟಿನ ಮರಳಿನಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ, ಕ್ರಿ.ಶ. ಎರಡನೆಯ ಶತಮಾನದ ಈ ಪ್ಯಾಪಿರಸ್‌ನ ಕಥೆಯೂ ಊರಿಗೆ ಮರಳುವುದರದ್ದೇ. ಭಾರತದ ಕರಾವಳಿಯ ರಾಜನೊಬ್ಬನ ಕೈಗೆ ಸಿಕ್ಕಿದ ಗ್ರೀಕ್ ಹುಡುಗಿಯನ್ನು ಸೋದರನ ಕಡೆಯವರು ಬಂದು ಬಿಡಿಸುತ್ತಾರೆ. ಉಪಾಯವೇನು? ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ರಾಜನನ್ನೂ ಅವನ ಜನರನ್ನೂ ಮಲಗಿಸುವುದು, ಒಡಿಸ್ಸಿಯಸ್ ಒಂಟಿಕಣ್ಣಿನ ದೈತ್ಯನಿಗೆ ಮಾಡಿದ ಹಾಗೆಯೇ. ಅಲ್ಲಿನ ಭಾರತೀಯರು ಆಡುವ ಮಾತುಗಳಲ್ಲಿ ಕನ್ನಡವಿದೆ ಎಂದು 1904ರಲ್ಲಿ ಹುಲ್ಟ್ಶ್ ವಾದಿಸಿದರು, ಗೋವಿಂದ ಪೈಗಳಂಥವರು ಅದನ್ನು ಮುಂದುವರಿಸಿದರು. ತುಳು ಎಂದವರಿದ್ದಾರೆ, ನಗಿಸಲು ಹಾಕಿದ ಅರ್ಥವಿಲ್ಲದ ಸದ್ದು ಎಂದವರೂ ಇದ್ದಾರೆ. ಕನ್ನಡವೇ ಆಗಿದ್ದರೆ, ಗ್ರೀಕರ ಮರಳುವ ಕಥೆಯಲ್ಲಿ ಕುಡಿದು ಮಲಗಿದ ದೈತ್ಯನ ಪಾತ್ರ ನಮ್ಮದು, ಇರಲಿ!

ಮತ್ತೆ ಇಥಾಕಾಕ್ಕೆ ಬರೋಣ. ಕಾದಾಟಕ್ಕೆ ಸ್ವಲ್ಪ ಮೊದಲು ಒಡಿಸ್ಸಿಯಸ್ ತಂದೆಯನ್ನು ಹುಡುಕಿಕೊಂಡು ತೋಟಕ್ಕೆ ಹೋಗುತ್ತಾನೆ. ಲೇರ್ಟಿಸ್ ತೇಪೆ ಹಾಕಿದ ಬಟ್ಟೆಯಲ್ಲಿ ಗಿಡದ ಬುಡ ಕೆದಕುತ್ತಿರುತ್ತಾನೆ. ಮಗನೆಂದರೆ ಗುರುತೇನು ಎನ್ನುತ್ತಾನೆ. ಮಗ ಗಾಯದ ಕಲೆ ತೋರಿಸಿ, ಆಮೇಲೆ ಚಿಕ್ಕಂದಿನಲ್ಲಿ ಅಪ್ಪ ತನ್ನನ್ನು ಹಿಂದೆ ಕರೆದುಕೊಂಡು ಓಡಾಡಿ ಇದು ನಿನ್ನದು ಎಂದು ಕೊಟ್ಟ ಮರಗಳ ಲೆಕ್ಕ ಒಪ್ಪಿಸುತ್ತಾನೆ. 13 ಮರಸೇಬು, 10 ಸೇಬು, 40 ಅಂಜೂರ, 50 ಸಾಲು ದ್ರಾಕ್ಷಿ. ಮುದುಕನ ಮೊಣಕಾಲು ಸಡಿಲವಾಗುತ್ತದೆ. ತಾಯಿ ಇಲ್ಲ. ಮಗನ ಕೊರಗಿನಲ್ಲೇ ಅವಳು ಹೋಗಿಯಾಗಿದೆ. ಪಾತಾಳದಲ್ಲಿ ಅವಳ ನೆರಳನ್ನು ಮೂರು ಸಲ ತಬ್ಬಲು ಹೋಗಿ ಮೂರು ಸಲವೂ ಕೈಗೆ ಗಾಳಿ ಸಿಕ್ಕಿತ್ತು.

ಅದೇ ಪಾತಾಳದಲ್ಲಿ ಟೈರೀಸಿಯಸ್ ಎಂಬ ಕಣಿ ಹೇಳುವ ಕುರುಡ ಒಡಿಸ್ಸಿಯಸ್‌ಗೆ ಇನ್ನೊಂದು ಮಾತು ಹೇಳಿರುತ್ತಾನೆ. ಮನೆ ಸೇರಿ, ಶತ್ರುಗಳನ್ನು ಕೊಂದ ಮೇಲೂ ನಿನ್ನ ದಾರಿ ಮುಗಿಯುವುದಿಲ್ಲ. ಹೆಗಲ ಮೇಲೆ ಒಂದು ಹುಟ್ಟು ಹೊತ್ತುಕೊಂಡು ಒಳನಾಡಿನತ್ತ ನಡೆಯುತ್ತಾ ಹೋಗು. ಸಮುದ್ರವನ್ನೇ ಕಾಣದ, ಊಟಕ್ಕೆ ಉಪ್ಪು ಹಾಕದ ಜನರ ನಾಡಿನಲ್ಲಿ, ದಾರಿಯಲ್ಲಿ ಎದುರಾದವನೊಬ್ಬ ಅದನ್ನು ಕಣದಲ್ಲಿ ಕಾಳು ತೂರುವ ಹಲಗೆ ಎಂದುಕೊಳ್ಳುತ್ತಾನೆ. ಅಲ್ಲಿ ಹುಟ್ಟನ್ನು ನೆಲಕ್ಕೆ ನೆಟ್ಟು ಸಮುದ್ರದೇವತೆಗೆ ಬಲಿ ಕೊಟ್ಟು, ಆಮೇಲೆ ಮನೆಗೆ ಬಾ.

ಇಪ್ಪತ್ತು ವರ್ಷದ ನಂತರ ಗಂಡ ಹೆಂಡತಿ ಒಂದಾದ ಆ ರಾತ್ರಿ, ಮಂಚದ ಗುಟ್ಟು ಒಡೆದ ಸ್ವಲ್ಪ ಹೊತ್ತಿಗೇ, ಒಡಿಸ್ಸಿಯಸ್ ಪೆನೆಲೊಪಿಗೆ ತಾನು ಮತ್ತೆ ಹೊರಡಬೇಕಾಗಿದೆ ಎಂದು ಹೇಳಿಬಿಡುತ್ತಾನೆ. ಏನದು, ಈಗಲೇ ಹೇಳಿ ಎನ್ನುತ್ತಾಳೆ ಅವಳು. ಅವನು ಹುಟ್ಟಿನ ಕಥೆಯನ್ನೆಲ್ಲ ಹೇಳುತ್ತಾನೆ. ಹಾಗಾದರೆ ಮುಪ್ಪಿನ ಕಾಲವಾದರೂ ಚೆನ್ನಾಗಿರಬಹುದು ಎನ್ನುತ್ತಾಳೆ ಪೆನೆಲೊಪಿ. ಪಂಡಿತರು ಕಾವ್ಯ ಮುಗಿಯಿತು ಎಂದ 296ನೇ ಸಾಲು ಬರುವುದು ಈ ಮಾತಾದ ಹತ್ತು ಸಾಲಿನೊಳಗೆ.